ಮಡಿಕೇರಿಯಲ್ಲಿ ಹಳೆಯ ಫ್ಲ್ಯಾಟ್ ಖರೀದಿ: ಮುಂಗಡ ಕೊಡುವ ಮುನ್ನ ಎಂಜಿನಿಯರ್ ತಪಾಸಣೆ ಮಾಡಿಸಬೇಕೇ?

ಸುಂಟಿಕೊಪ್ಪದ ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆ ಮಾವ ತೋಟದ ಮನೆಯನ್ನು ಮೈದುನನ ಸಂಸಾರಕ್ಕೆ ಬಿಟ್ಟುಕೊಟ್ಟು, ಆಸ್ಪತ್ರೆಗೂ ಬಸ್ ನಿಲ್ದಾಣಕ್ಕೂ ಹತ್ತಿರವಾಗಲೆಂದು ಮಡಿಕೇರಿಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ಕೊಳ್ಳುವ ಆಲೋಚನೆಯಲ್ಲಿದ್ದಾರೆ. ನೋಡಿರುವ ಫ್ಲ್ಯಾಟ್ ಹನ್ನೆರಡು ವರ್ಷ ಹಳೆಯ ಕಟ್ಟಡದ ಮೂರನೆಯ, ಅಂದರೆ ಕೊನೆಯ ಅಂತಸ್ತಿನಲ್ಲಿದೆ. ಕಟ್ಟಡದ ಹಿಂಬದಿಯಲ್ಲಿ ಗುಡ್ಡ ಕಡಿದು ತಡೆಗೋಡೆ ಕಟ್ಟಿದ್ದಾರೆ. ನಾವು ನೋಡಿದ್ದು ಫೆಬ್ರವರಿಯ ಒಳ್ಳೆಯ ಬಿಸಿಲಿನಲ್ಲಿ. ಒಳಗೆಲ್ಲ ಹೊಸ ಬಣ್ಣ ಬಳಿದಿತ್ತು, ಕಣ್ಣಿಗೆ ಯಾವ ದೋಷವೂ ಕಾಣಲಿಲ್ಲ.

ಮುಂಗಡ ಕೊಡುವ ಮೊದಲು ಒಬ್ಬ ಎಂಜಿನಿಯರಿಂದ ತಪಾಸಣೆ ಮಾಡಿಸೋಣವೆಂದು ನಾನು ಹೇಳಿದ್ದಕ್ಕೆ ಮನೆಯಲ್ಲಿ ಎರಡು ಅಭಿಪ್ರಾಯಗಳಾಗಿವೆ. ಬ್ಯಾಂಕಿನ ಕಡೆಯಿಂದ ಮೌಲ್ಯಮಾಪಕರು ಬಂದು ನೋಡಿ ಹೋಗಿದ್ದಾರೆ, ವಕೀಲರು ಕಾಗದಪತ್ರ ಸರಿಯಿದೆ ಎಂದಿದ್ದಾರೆ, ಇನ್ನೇನು ಬೇಕು ಎಂಬುದು ಮಾವನವರ ಪ್ರಶ್ನೆ. ಸ್ವತಂತ್ರ ಮನೆಯಾಗಿದ್ದರೆ ಸರಿ, ಫ್ಲ್ಯಾಟಿನಲ್ಲಿ ನಾಲ್ಕು ಗೋಡೆಗಳ ಹೊರತು ನೋಡುವುದಕ್ಕೇನಿದೆ ಎಂದು ಮಾರುವವರೂ ಕೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ವಿನಂತಿ.

ಕಟ್ಟಡ ಎಂಜಿನಿಯರ್, ಕುಶಾಲನಗರ

ಟೀಚರ್ ಅವರೇ, ಮಾಡಿಸಲೇಬೇಕು. ಆದರೆ ಏನನ್ನು ನೋಡಿಸಬೇಕು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಇಲ್ಲದಿದ್ದರೆ ಬಾಗಿಲಿನ ಹಿಡಿ, ಟೈಲ್ಸಿನ ಬಿರುಕು, ನಲ್ಲಿಯ ಸೋರಿಕೆಗಳ ಪಟ್ಟಿಯೊಂದು ನಿಮ್ಮ ಕೈಗೆ ಬರುತ್ತದೆ, ಹಣವೂ ಖರ್ಚಾಗುತ್ತದೆ.

ಬ್ಯಾಂಕಿನ ಮೌಲ್ಯಮಾಪಕರು ನೋಡುವುದು, ನೀವು ಸಾಲ ತೀರಿಸದಿದ್ದರೆ ಆ ಫ್ಲ್ಯಾಟನ್ನು ಮಾರಿ ಎಷ್ಟು ವಸೂಲಾದೀತು ಎಂಬುದನ್ನು. ಅಳತೆ, ವಯಸ್ಸು, ಸುತ್ತಲಿನ ದರ, ನಕ್ಷೆಗೂ ಕಟ್ಟಡಕ್ಕೂ ಇರುವ ಹೊಂದಿಕೆ, ಇವಿಷ್ಟನ್ನು ಬರೆದುಕೊಂಡು ಅವರು ಹೋಗುತ್ತಾರೆ. ತಾರಸಿಯ ಕಾಂಕ್ರೀಟಿನೊಳಗೆ ಕಬ್ಬಿಣ ತುಕ್ಕು ಹಿಡಿದಿದೆಯೇ ಎಂದು ನೋಡುವುದು ಅವರ ಕೆಲಸವಲ್ಲ, ಹಾಗೆಂದು ಅವರು ಹೇಳಿಕೊಳ್ಳುವುದೂ ಇಲ್ಲ. ವಕೀಲರ ಅಭಿಪ್ರಾಯವಂತೂ ಕಾಗದದ ಮಟ್ಟಿಗೆ ಮಾತ್ರ.

ಮಾರುವವರ ಮಾತಿಗೆ ಬರುತ್ತೇನೆ. ನಾಲ್ಕು ಗೋಡೆಗಳ ಹೊರತು ನೋಡುವುದಕ್ಕೇನಿದೆ ಎಂದರೆ, ಫ್ಲ್ಯಾಟಿನಲ್ಲಿ ದೊಡ್ಡ ಖರ್ಚು ತರುವ ಭಾಗಗಳೆಲ್ಲ ಆ ನಾಲ್ಕು ಗೋಡೆಗಳ ಹೊರಗೇ ಇವೆ: ತಾರಸಿ, ಕಂಬ, ತೊಲೆ, ಹೊರಗೋಡೆ, ನೀರಿನ ಸಂಪು, ಶೌಚದ ಗುಂಡಿ, ಮೇನ್ ಬೋರ್ಡ್, ಹಿಂದಿನ ತಡೆಗೋಡೆ. ಇವು ಎಲ್ಲರಿಗೂ ಸೇರಿದ್ದರಿಂದ ಮಾರುವವರು ತೋರಿಸುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ನಿಮ್ಮದು ಕೊನೆಯ ಅಂತಸ್ತು, ಹಿಂದೆ ಬರೆ (ಗುಡ್ಡ ಕಡಿದ ಇಳಿಜಾರು) ಬೇರೆ ಇದೆ. ಮಡಿಕೇರಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುತ್ತದೆ, ಮೂವತ್ತು ಕಿಲೋಮೀಟರ್ ಆಚೆಯ ನಮ್ಮ ಕುಶಾಲನಗರದಲ್ಲಿ ಅದರ ಅರ್ಧವೂ ಇಲ್ಲ. ಹಾಗಾಗಿ ಮೈಸೂರಿನ ಅಥವಾ ಬೆಂಗಳೂರಿನ ತಪಾಸಣಾ ಪಟ್ಟಿಯನ್ನು ಹಿಡಿದುಕೊಂಡು ಬಂದವರು ಇಲ್ಲಿ ಮುಖ್ಯವಾದದ್ದನ್ನೇ ಬಿಟ್ಟುಬಿಡಬಹುದು.

ಮೊದಲು ತಾರಸಿ. ಮಡಿಕೇರಿಯಲ್ಲಿ ಹೆಚ್ಚಿನವರು ತಾರಸಿಯ ಮೇಲೆ ಕಬ್ಬಿಣದ ಟ್ರಸ್ ನಿಲ್ಲಿಸಿ ಶೀಟು ಹೊದಿಸಿರುತ್ತಾರೆ. ಒಳ್ಳೆಯದೇ, ಆದರೆ ಯಾವ ವರ್ಷ ಹೊದಿಸಿದರೆಂದು ಕೇಳಿ. ಕಟ್ಟಿದ ಎಂಟು ಹತ್ತು ವರ್ಷಗಳ ನಂತರ ಹೊದಿಸಿದ್ದರೆ, ಅಷ್ಟೂ ಮಳೆಗಾಲದ ನೀರನ್ನು ಸ್ಲ್ಯಾಬು ಕುಡಿದಿದೆ ಎಂದರ್ಥ. ನಿಮ್ಮ ಫ್ಲ್ಯಾಟಿನ ಛಾವಣಿಯನ್ನು ಕೆಳಗಿನಿಂದ ಸಣ್ಣ ಸುತ್ತಿಗೆಯ ಹಿಡಿಯಿಂದ ತಟ್ಟಿಸಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಗಾರೆಯೋ ಕಾಂಕ್ರೀಟೋ ಬಿಟ್ಟುಕೊಂಡಿರುತ್ತದೆ. ಕಬ್ಬಿಣದ ಸರಳು ಹೋದ ದಾರಿಯಲ್ಲೇ ನೇರವಾಗಿ ಬಿರುಕು ಬಿದ್ದು, ಅಂಚಿನಲ್ಲಿ ಕಂದು ಕಲೆಯಿದ್ದರೆ ಅದು ತುಕ್ಕು. ಮೇಲೆ ಪುಟ್ಟಿ ತುಂಬಿ ಬಣ್ಣ ಬಳಿದರೆ ಒಂದೆರಡು ವರ್ಷ ಮುಚ್ಚಿರುತ್ತದೆ, ಅಷ್ಟೇ.

ಆಮೇಲೆ ನೈಋತ್ಯ ಮತ್ತು ಪಶ್ಚಿಮದ ಹೊರಗೋಡೆಗಳು. ಮಳೆ ಹೊಡೆಯುವುದು ಆ ದಿಕ್ಕಿನಿಂದ. ಒಳಭಾಗದಲ್ಲಿ ಆ ಗೋಡೆಗೆ ಒತ್ತಿ ನಿಲ್ಲಿಸಿರುವ ಬೀರು ಅಥವಾ ಮಂಚವನ್ನು ಸರಿಸಿ ನೋಡಲು ಸಂಕೋಚಪಡಬೇಡಿ. ಬಣ್ಣ ಬಳಿಯುವವರು ಬೀರುವಿನ ಹಿಂದೆ ಬಳಿದಿರುವುದಿಲ್ಲ, ಗೋಡೆಯ ನಿಜವಾದ ಚರಿತ್ರೆ ಅಲ್ಲಿರುತ್ತದೆ.

ಗೋಣಿಕೊಪ್ಪ ಬೆಳೆಗಾರ

ಎಂಜಿನಿಯರ್ ಅವರ ಮೇಲಿನ ಗೌರವದಿಂದಲೇ ಹೇಳುತ್ತೇನೆ, ಇದು ಸ್ವಲ್ಪ ಅತಿಯಾಯಿತು ಎನಿಸುತ್ತದೆ. ನಮ್ಮ ಕಡೆ ಮೂವತ್ತು ವರ್ಷ ಕೆಲಸ ಮಾಡಿದ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಹೋಗಿ ತೋರಿಸಿದರೆ, ಯಾವ ಯಂತ್ರವೂ ಇಲ್ಲದೆ ಅವರೇ ಎಲ್ಲವನ್ನೂ ಹೇಳಿಬಿಡುತ್ತಾರೆ. ಮೈಸೂರಿನಲ್ಲಿ ನನ್ನ ತಮ್ಮ ಫ್ಲ್ಯಾಟ್ ಕೊಳ್ಳುವಾಗ ತಪಾಸಣಾ ಕಂಪನಿಯೊಂದನ್ನು ಕರೆಸಿದ್ದ. ಬಣ್ಣ ಬಣ್ಣದ ಥರ್ಮಲ್ ಚಿತ್ರಗಳಿರುವ ದಪ್ಪ ವರದಿ ಬಂತು. ಓದಿ ನೋಡಿದರೆ, ತೇವಾಂಶ ಇರುವ ಸಾಧ್ಯತೆ ಇದೆ, ತಜ್ಞರನ್ನು ಸಂಪರ್ಕಿಸಿ ಎಂದು ಪುಟ ಪುಟದಲ್ಲೂ ಬರೆದಿದ್ದರು. ತಜ್ಞರೆಂದು ಕರೆಸಿದ್ದೇ ಅವರನ್ನಲ್ಲವೇ?

ಕಟ್ಟಡ ಎಂಜಿನಿಯರ್, ಕುಶಾಲನಗರ

ಬೆಳೆಗಾರರೇ, ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ನಾನೂ ಒಪ್ಪುತ್ತೇನೆ. ನಮ್ಮಲ್ಲಿ ಮನೆ ತಪಾಸಣೆ ಮಾಡುವವರಿಗೆಂದೇ ಪ್ರತ್ಯೇಕ ಪರವಾನಗಿ ಇಲ್ಲ. ಕ್ಯಾಮೆರಾ ಕೊಂಡವರೆಲ್ಲ ತಪಾಸಕರಾಗಬಹುದು. ಯಂತ್ರಗಳಿಗೂ ಮಿತಿಗಳಿವೆ. ಥರ್ಮಲ್ ಕ್ಯಾಮೆರಾ ತೋರಿಸುವುದು ಉಷ್ಣತೆಯ ವ್ಯತ್ಯಾಸವನ್ನೇ ಹೊರತು ನೀರನ್ನಲ್ಲ. ತೇವ ಅಳೆಯುವ ಸೂಜಿಯ ಮೀಟರನ್ನು ಮೂಲತಃ ಮರಕ್ಕೆಂದು ಹೊಂದಿಸಿರುತ್ತಾರೆ; ಗಾರೆಯ ಮೇಲೆ ಇಟ್ಟಾಗ ಬರುವ ಸಂಖ್ಯೆಗೆ ತಾನಾಗಿಯೇ ಅರ್ಥವಿಲ್ಲ, ಮೇಲಾಗಿ ಗೋಡೆ ಉಪ್ಪು ಬಿಟ್ಟಿದ್ದರೆ ಒಣಗಿದ್ದರೂ ಹೆಚ್ಚು ತೋರಿಸುತ್ತದೆ. ಒಂದೇ ಗೋಡೆಯ ಮೇಲೆ ಕೆಳಗಿನಿಂದ ಮೇಲಕ್ಕೆ, ಆಮೇಲೆ ಒಳಗಿನ ಒಣ ಗೋಡೆಯೊಂದರ ಮೇಲೆ ಇಟ್ಟು ಹೋಲಿಸಿದಾಗ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಕಾಂಕ್ರೀಟಿನ ಗಟ್ಟಿತನಕ್ಕೆ ಬಳಸುವ ರಿಬೌಂಡ್ ಹ್ಯಾಮರ್ ಕೂಡ ಮೇಲ್ಮೈಯ ಮಾತನ್ನಷ್ಟೇ ಹೇಳುತ್ತದೆ. ಗಾರೆ ಕೆತ್ತಿ ತೆಗೆಯದೆ ಅದನ್ನು ಬಳಸುವವರನ್ನು ನಂಬಬೇಡಿ.

ಆದರೆ ಮೇಸ್ತ್ರಿಯವರು ಸಾಲದೇ ಹೋಗುವುದು ಎರಡು ಕಡೆ. ಮೊದಲನೆಯದು ವಿದ್ಯುತ್ತು. ಮಳೆಗಾಲದಲ್ಲಿ ಗೋಡೆ ನೆನೆಯುವ ಊರಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನಾಗಿಯೇ ಪೂರೈಕೆ ಕಡಿಯುವ ಸ್ವಿಚ್) ಇಲ್ಲದ ಫ್ಲ್ಯಾಟಿನಲ್ಲಿ ಗೀಸರ್ ಬಳಸುವುದು ಅಪಾಯ. ಇದ್ದರೂ ಅದರ ಟೆಸ್ಟ್ ಗುಂಡಿ ಒತ್ತಿದಾಗ ತಟಕ್ಕನೆ ಬೀಳಬೇಕು. ಅರ್ಥಿಂಗ್ ಪಿಟ್ ಎಲ್ಲಿದೆ ಎಂದು ಹುಡುಕಿ, ವೈರಿನ ಇನ್ಸುಲೇಶನ್ ಹೇಗಿದೆ ಎಂಬುದನ್ನು ಮೆಗ್ಗರ್ (ಇನ್ಸುಲೇಶನ್ ಅಳೆಯುವ ಉಪಕರಣ) ಇಟ್ಟು ನೋಡಬೇಕಾದವರು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್. ಎರಡನೆಯದು ತಡೆಗೋಡೆ ಮತ್ತು ಬರೆ. ಅದನ್ನು ಕೆಳಗೆ ಪ್ರತ್ಯೇಕವಾಗಿ ಬರೆಯುತ್ತೇನೆ, ಏಕೆಂದರೆ ಟೀಚರ್ ಅವರ ಪ್ರಶ್ನೆಯ ತಿರುಳು ಇರುವುದು ಅಲ್ಲಿಯೇ ಎಂದು ನನ್ನ ಅಭಿಪ್ರಾಯ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಬೆಟ್ಟಗಳು ಜರಿದದ್ದನ್ನು ಯಾರೂ ಮರೆತಿಲ್ಲ. ಮಡಿಕೇರಿ ನಗರದೊಳಗೂ ಇಂದಿರಾನಗರ, ಚಾಮುಂಡೇಶ್ವರಿ ನಗರದ ಕಡೆ ಮನೆಗಳು ಹೋದವು. ಮರುವರ್ಷ ವಿರಾಜಪೇಟೆ ತಾಲ್ಲೂಕಿನ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಇವೆಲ್ಲವೂ ಒಂದೇ ಬಗೆಯ ಕುಸಿತಗಳಲ್ಲ. ಆದರೆ ಪೇಟೆಯ ನಡುವೆ ನಾವು ಕಾಣುವ ಸಣ್ಣ ಬರೆ ಕುಸಿತಗಳಲ್ಲಿ ಮತ್ತೆ ಮತ್ತೆ ಎದುರಾಗುವುದು ನೇರವಾಗಿ ಕಡಿದ ಇಳಿಜಾರು ಮತ್ತು ಹೊರಹೋಗಲು ದಾರಿಯಿಲ್ಲದ ನೀರು.

ತಡೆಗೋಡೆಯ ಮುಂದೆ ನಿಂತು ಮೊದಲು ನೋಡಬೇಕಾದದ್ದು ಅದರ ಮೈಯಲ್ಲಿರುವ ನೀರಿನ ತೂತುಗಳನ್ನು. ಗೋಡೆಯ ಹಿಂದಿನ ಮಣ್ಣಿನಲ್ಲಿ ನಿಂತ ನೀರು ಆ ಪೈಪುಗಳಿಂದ ಹೊರಬರಬೇಕು. ಮಣ್ಣು, ಜರೀಗಿಡ, ಪ್ಲಾಸ್ಟಿಕ್ ತುಂಬಿಕೊಂಡಿದ್ದರೆ ನೀರಿನ ಒತ್ತಡವೆಲ್ಲ ಗೋಡೆಯ ಮೇಲೆಯೇ ಬೀಳುತ್ತದೆ. ಮಳೆಗಾಲದಲ್ಲಿ ಆ ತೂತುಗಳಿಂದ ತಿಳಿನೀರು ಬಂದರೆ ಸಂತೋಷ. ಕೆಮ್ಮಣ್ಣಿನ ಬಗ್ಗಡ ಬಂದರೆ ಹಿಂದಿನ ಮಣ್ಣು ಕೊಚ್ಚಿ ಬರುತ್ತಿದೆ ಎಂದರ್ಥ. ಏನೂ ಬಾರದೆ ಗೋಡೆಯ ಮೈಯೆಲ್ಲ ಜಿನುಗುತ್ತಿದ್ದರೆ ಅದು ಇನ್ನೂ ಕೆಟ್ಟದ್ದು. ಗೋಡೆಯ ತುದಿಯಿಂದ ತೂಕದ ಗುಂಡು ಇಳಿಬಿಟ್ಟು, ಮುಂದಕ್ಕೆ ವಾಲಿದೆಯೇ, ನಡುವೆ ಹೊಟ್ಟೆ ಉಬ್ಬಿದೆಯೇ ಎಂದು ನೋಡಬೇಕು.

ನಂತರ ಗೋಡೆಯ ಮೇಲ್ಭಾಗಕ್ಕೆ ಹತ್ತಿ. ಅಲ್ಲಿ ಮೇಲಿನ ಮನೆಯವರ ಇಂಗುಗುಂಡಿ ಅಥವಾ ಶೌಚದ ಗುಂಡಿ ಇದೆಯೇ, ಅವರ ತಾರಸಿಯ ನೀರು ಪೈಪಿನಲ್ಲಿ ಬಂದು ಬರೆಯ ಮೇಲೆಯೇ ಸುರಿಯುತ್ತಿದೆಯೇ, ನೆಲದಲ್ಲಿ ಗೋಡೆಗೆ ಸಮಾನಾಂತರವಾಗಿ ಕಮಾನಿನಂಥ ಬಿರುಕುಗಳಿವೆಯೇ, ಮರಗಳು ಇಳಿಜಾರಿನ ಕಡೆಗೆ ಬಾಗಿವೆಯೇ ಎಂದು ನೋಡಿ. ಇವು ನಿಮ್ಮ ಫ್ಲ್ಯಾಟಿನಲ್ಲಾಗಲಿ ನಿಮ್ಮ ಕಟ್ಟಡದ ಜಾಗದಲ್ಲಾಗಲಿ ಇಲ್ಲ, ಬೇರೆಯವರ ಹಿತ್ತಲಿನಲ್ಲಿವೆ. ಆದರೂ ನಿಮ್ಮ ಅತ್ತೆ ಮಾವ ರಾತ್ರಿ ನಿಶ್ಚಿಂತೆಯಿಂದ ಮಲಗಬಹುದೇ ಎಂಬುದನ್ನು ನಿರ್ಧರಿಸುವವು ಇವೇ. ಇಲ್ಲಿ ಸಂದೇಹ ಬಂದರೆ ಕಟ್ಟಡದ ಎಂಜಿನಿಯರೂ ಸಾಲದು, ಮಣ್ಣಿನ ವಿಷಯ ತಿಳಿದ ಜಿಯೋಟೆಕ್ನಿಕಲ್ ಎಂಜಿನಿಯರ್ ಬೇಕು.

ನಮ್ಮ ಕುಶಾಲನಗರದಲ್ಲಿ ಕೊಳ್ಳುವವರಿಗೆ ಬರೆಯ ಚಿಂತೆಯಿಲ್ಲ, ಹೊಳೆಯ ಚಿಂತೆಯಿದೆ. 2018 ಮತ್ತು 2019ರಲ್ಲಿ ಕಾವೇರಿ ತೀರದ ಬಡಾವಣೆಗಳಿಗೆ ನೀರು ನುಗ್ಗಿದಾಗ ಎಲ್ಲಿಯವರೆಗೆ ಬಂದಿತ್ತೆಂದು ಅಕ್ಕಪಕ್ಕದ ಅಂಗಡಿಯವರನ್ನು ಕೇಳಿದರೆ ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ.

ಟೊರಾಂಟೊದಲ್ಲಿರುವ ನಾಪೋಕ್ಲಿನವನು

ನಾನಿರುವ ಒಂಟಾರಿಯೋ ಪ್ರಾಂತ್ಯದಲ್ಲಿ ಇಂಥ ಫ್ಲ್ಯಾಟುಗಳನ್ನು ಕಾಂಡೋ ಎನ್ನುತ್ತಾರೆ. ಇಲ್ಲಿಯೂ ತಪಾಸಕರು ಸಾಮಾನ್ಯವಾಗಿ ಘಟಕದ ಒಳಭಾಗವನ್ನಷ್ಟೇ ನೋಡುತ್ತಾರೆ. ಉಳಿದದ್ದನ್ನು ತಿಳಿಯಲು ಕೊಳ್ಳುವವರು ಸ್ಟೇಟಸ್ ಸರ್ಟಿಫಿಕೇಟ್ ಎಂಬ ದಾಖಲೆಯನ್ನು ಕೇಳಿ ಪಡೆಯುತ್ತಾರೆ. ಕೇಳಿದ ಹತ್ತು ದಿನಗಳೊಳಗೆ, 100 ಡಾಲರಿನ ಮಿತಿಯೊಳಗಿನ ಶುಲ್ಕಕ್ಕೆ, ಕಟ್ಟಡದ ಆಡಳಿತ ಸಂಸ್ಥೆಯು ಅದನ್ನು ಕೊಡಬೇಕೆಂದು ಕಾನೂನಿದೆ. ದುರಸ್ತಿ ನಿಧಿಯಲ್ಲಿ ಎಷ್ಟು ಹಣವಿದೆ, ಮಾರುವವರು ತಿಂಗಳ ಶುಲ್ಕ ಬಾಕಿ ಉಳಿಸಿಕೊಂಡಿದ್ದಾರೆಯೇ, ಕಟ್ಟಡದ ಮೇಲೆ ಮೊಕದ್ದಮೆ ಇದೆಯೇ ಎಂಬುದೆಲ್ಲ ಅದರಲ್ಲಿರುತ್ತದೆ.

ಇದು ಬರೀ ಕಾಗದದ ಶಾಸ್ತ್ರವಲ್ಲ. ಅಮೆರಿಕದ ಫ್ಲೋರಿಡಾದ ಸರ್ಫ್‌ಸೈಡಿನಲ್ಲಿ 2021ರ ಜೂನ್ 24ರಂದು ಷಾಂಪ್ಲೇನ್ ಟವರ್ಸ್ ಸೌತ್ ಎಂಬ ಹನ್ನೆರಡು ಅಂತಸ್ತಿನ ಕಟ್ಟಡದ ಒಂದು ಭಾಗ ನಡುರಾತ್ರಿ ಕುಸಿದು 98 ಜನ ಸತ್ತರು. ಈಜುಕೊಳದ ಸುತ್ತಲಿನ ಕಾಂಕ್ರೀಟಿನಲ್ಲಿ ನೀರು ತಡೆಯುವ ಪದರ ಕೆಟ್ಟಿದೆ, ಕೆಳಗಿನ ಸ್ಲ್ಯಾಬಿಗೆ ದೊಡ್ಡ ಹಾನಿಯಾಗಿದೆ ಎಂದು 2018ರಲ್ಲೇ ಎಂಜಿನಿಯರ್ ವರದಿ ಕೊಟ್ಟಿದ್ದರು. ದುರಸ್ತಿಯ ಖರ್ಚಿನ ಕುರಿತು ಮಾಲೀಕರ ನಡುವೆ ಚರ್ಚೆ ನಡೆಯುತ್ತಲೇ ಇತ್ತು. ಆ ನಡುವೆ ಅಲ್ಲಿ ಫ್ಲ್ಯಾಟ್ ಕೊಂಡವರು ಒಳಗಿನ ಅಡುಗೆಮನೆಯನ್ನು ಎಷ್ಟೇ ಚೆನ್ನಾಗಿ ತಪಾಸಣೆ ಮಾಡಿಸಿದ್ದರೂ ಏನು ತಿಳಿಯುತ್ತಿತ್ತು? ಈ ದುರಂತದ ನಂತರ, 2022ರಲ್ಲಿ, ಫ್ಲೋರಿಡಾ ರಾಜ್ಯವು ಮೂರು ಮತ್ತು ಹೆಚ್ಚಿನ ಅಂತಸ್ತಿನ ಹಳೆಯ ಕಾಂಡೋ ಕಟ್ಟಡಗಳಿಗೆ ಕಡ್ಡಾಯ ರಚನಾ ತಪಾಸಣೆಯ ಕಾನೂನು ಮಾಡಿತು.

ಮಡಿಕೇರಿಯ ಮೂರು ಅಂತಸ್ತಿನ ಕಟ್ಟಡಕ್ಕೆ ಈ ಹೋಲಿಕೆ ದೊಡ್ಡದಾಯಿತೆಂದು ಯಾರಾದರೂ ಹೇಳಬಹುದು. ಕಟ್ಟಡದ ಫ್ಲ್ಯಾಟ್ ಮಾಲೀಕರ ಸಂಘದ ನಡಾವಳಿ ಪುಸ್ತಕವನ್ನು ತಪ್ಪದೆ ಓದಿ ಎನ್ನುವುದಷ್ಟೇ ನನ್ನ ಉದ್ದೇಶ.

ವಕೀಲ, ಮಡಿಕೇರಿ

ನಾಪೋಕ್ಲಿನವರು ಹೇಳಿದ ಬಗೆಯ ಪ್ರಮಾಣಪತ್ರವನ್ನು ಕಡ್ಡಾಯವಾಗಿ ಕೊಡಬೇಕೆಂಬ ವ್ಯವಸ್ಥೆ ನಮ್ಮಲ್ಲಿ ಇಲ್ಲ. ಆದರೆ ಕೊಳ್ಳುವವರ ಕೈಯಲ್ಲಿ ಏನೂ ಇಲ್ಲವೆಂದಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೆಯ ಕಲಮಿನ ಪ್ರಕಾರ, ತನಗೆ ಗೊತ್ತಿರುವ, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವರು ತಿಳಿಸಲೇಬೇಕು. ಆದ್ದರಿಂದ ಬಾಯಿಮಾತಿನಲ್ಲಿ ಕೇಳಬೇಡಿ, ಬರವಣಿಗೆಯಲ್ಲಿ ಕೇಳಿ: ಛಾವಣಿ ಯಾವಾಗಲಾದರೂ ಸೋರಿತ್ತೇ, ಯಾವ ದುರಸ್ತಿ ಮಾಡಿಸಿದಿರಿ, ತಡೆಗೋಡೆಯ ಬಗ್ಗೆ ನಗರಸಭೆಯಿಂದಾಗಲಿ ಜಿಲ್ಲಾಡಳಿತದಿಂದಾಗಲಿ ನೋಟಿಸ್ ಬಂದಿದೆಯೇ, ಮಳೆಗಾಲದಲ್ಲಿ ಮನೆ ಖಾಲಿ ಮಾಡಲು ಹೇಳಿದ್ದುಂಟೇ. ವಾಟ್ಸಾಪಿನಲ್ಲಿ ಉತ್ತರ ಬಂದರೂ ಉಳಿಸಿಟ್ಟುಕೊಳ್ಳಿ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಇದೆಯಲ್ಲ ಎಂದು ಹಲವರು ಧೈರ್ಯದಿಂದಿರುತ್ತಾರೆ. 2016ರ ಆ ಕಾಯ್ದೆಯಂತೆ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷಗಳೊಳಗೆ ರಚನೆಯ ದೋಷ ಕಂಡುಬಂದು ತಿಳಿಸಿದರೆ, ನಿರ್ಮಾಣ ಮಾಡಿದವರು 30 ದಿನಗಳಲ್ಲಿ ಖರ್ಚಿಲ್ಲದೆ ಸರಿಪಡಿಸಿಕೊಡಬೇಕು. ಟೀಚರ್ ಅವರು ನೋಡಿರುವುದು ಹನ್ನೆರಡು ವರ್ಷದ ಕಟ್ಟಡವಾದ್ದರಿಂದ ಆ ಆಸರೆ ಅವರಿಗಿಲ್ಲ. ಜೊತೆಗೆ, 500 ಚದರ ಮೀಟರ್ ಮೀರದ ಜಾಗದ ಅಥವಾ ಎಂಟು ಫ್ಲ್ಯಾಟುಗಳನ್ನು ಮೀರದ ಯೋಜನೆಗಳಿಗೆ ರೇರಾ ನೋಂದಣಿಯೇ ಬೇಕಿಲ್ಲ. ನಮ್ಮ ಜಿಲ್ಲೆಯ ಸಣ್ಣ ಅಪಾರ್ಟ್‌ಮೆಂಟುಗಳಲ್ಲಿ ಹೊಸವೂ ಎಷ್ಟೋ ಈ ಮಿತಿಯೊಳಗೇ ಬರುತ್ತವೆ.

ಇನ್ನೊಂದು ಮಾತು. ಕಟ್ಟಡ ನಿಂತಿರುವ ಜಾಗ ಮೂಲದಲ್ಲಿ ಜಮ್ಮಾ ಬಾಣೆಯೇ (ಕೊಡಗಿನ ವಂಶಪಾರಂಪರ್ಯ ಹಕ್ಕಿನ ಭೂಮಿ), ಭೂ ಪರಿವರ್ತನೆ ಆಗಿದೆಯೇ, ಅಂಗೀಕೃತ ನಕ್ಷೆಯಲ್ಲಿ ಮೂರನೆಯ ಅಂತಸ್ತು ಇದೆಯೇ ಎಂಬುದನ್ನು ನಿಮ್ಮ ವಕೀಲರು ನೋಡಿರಬಹುದು. ಆ ನಕ್ಷೆಯ ಪ್ರತಿಯನ್ನು ಎಂಜಿನಿಯರಿಗೂ ಕೊಡಿ. ಎರಡು ಅಂತಸ್ತಿಗೆ ಲೆಕ್ಕ ಹಾಕಿದ ಕಂಬಗಳ ಮೇಲೆ ಮೂರನೆಯದನ್ನು ಏರಿಸಿದ್ದರೆ ಅದನ್ನು ಹೇಳಬಲ್ಲವರು ಅವರೇ, ನಾವಲ್ಲ.

ತಪಾಸಣೆ ಮುಗಿಯುವವರೆಗೆ ದೊಡ್ಡ ಮೊತ್ತದ ಮುಂಗಡ ಕೊಡಬೇಡಿ. ಕೊಡಲೇಬೇಕಾದರೆ, ರಚನೆಯಲ್ಲಾಗಲಿ ತಡೆಗೋಡೆಯಲ್ಲಾಗಲಿ ಗಂಭೀರ ದೋಷವಿದೆಯೆಂದು ಎಂಜಿನಿಯರ್ ಲಿಖಿತವಾಗಿ ತಿಳಿಸಿದಲ್ಲಿ ಮುಂಗಡವನ್ನು ಪೂರ್ತಿಯಾಗಿ ಹಿಂದಿರುಗಿಸತಕ್ಕದ್ದು ಎಂಬ ಷರತ್ತನ್ನು ಕ್ರಯದ ಕರಾರಿನಲ್ಲಿ ದಿನಾಂಕದ ಸಮೇತ ಬರೆಸಿ.

ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ

ಸಂಘಗಳ ಕಡೆಯ ಮಾತನ್ನೂ ಒಂದಿಷ್ಟು ಹೇಳುತ್ತೇನೆ. ಯಾರೋ ಅಪರಿಚಿತರು ಬಂದು ತಾರಸಿಯಲ್ಲಿ ಸುತ್ತಿಗೆಯಿಂದ ಕುಟ್ಟತೊಡಗಿದರೆ ನಿವಾಸಿಗಳು ಗಾಬರಿಯಾಗುತ್ತಾರೆ. ಮಾರುವವರಿಂದ ಒಂದು ಪತ್ರ ತಂದು, ಎರಡು ದಿನ ಮೊದಲೇ ತಿಳಿಸಿದರೆ ನಮ್ಮ ಕಟ್ಟಡದಲ್ಲಿ ನಾವು ಬೀಗದ ಕೈ ಕೊಡುತ್ತೇವೆ. ಬಚ್ಚಲಿನಲ್ಲಿ ನೀರು ನಿಲ್ಲಿಸಿ ನೋಡುವ ಪರೀಕ್ಷೆಗೆ ಕೆಳಗಿನ ಮನೆಯವರ ಒಪ್ಪಿಗೆಯೂ ಬೇಕಾಗುತ್ತದೆ. ಹೊರಹೋಗುವ ಜಾಲರಿಗೆ ಬಟ್ಟೆ ತುರುಕಿ ಒಂದು ದಿನ ನೀರು ನಿಲ್ಲಿಸಿದರೆ, ಜಿನುಗುವುದು ಅವರ ಛಾವಣಿಯಲ್ಲಲ್ಲವೇ.

ಲೆಕ್ಕಪತ್ರ ತೋರಿಸಲು ಹಿಂಜರಿಯುವ ಸಂಘವಿದ್ದರೆ, ನನ್ನ ಅನುಭವದಲ್ಲಿ, ಅಲ್ಲಿ ಲೆಕ್ಕವೇ ಇರುವುದಿಲ್ಲ. ಎಷ್ಟು ಮನೆಗಳು ಹೋಂಸ್ಟೇ ಆಗಿ ನಡೆಯುತ್ತಿವೆ ಎಂಬುದನ್ನೂ ಕೇಳಿಕೊಳ್ಳಿ. ವಾರಾಂತ್ಯದಲ್ಲಿ ನೀರಿನ ಟ್ಯಾಂಕೂ ಶೌಚದ ಗುಂಡಿಯೂ ತಡೆಯಬೇಕಾದ ಹೊರೆ ಬೇರೆಯೇ ಆಗಿರುತ್ತದೆ. ನಿಮ್ಮ ಅತ್ತೆ ಮಾವನವರ ನಿದ್ದೆಯ ವಿಷಯ ಪ್ರತ್ಯೇಕ.

ಸುಂಟಿಕೊಪ್ಪದ ಟೀಚರ್

ಎಲ್ಲರಿಗೂ ಧನ್ಯವಾದಗಳು. ಇಲ್ಲಿ ಬಂದ ಮಾತುಗಳನ್ನು ಮಾವನವರಿಗೆ ಓದಿ ಹೇಳಿದೆ, ತಪಾಸಣೆಗೆ ಒಪ್ಪಿದರು. ಮಡಿಕೇರಿಯ ಎಂಜಿನಿಯರೊಬ್ಬರೂ ಎಲೆಕ್ಟ್ರಿಷಿಯನ್ ಒಬ್ಬರೂ ಬಂದು ಹೆಚ್ಚುಕಡಿಮೆ ಒಂದು ಹಗಲು ಪೂರ್ತಿ ನೋಡಿದರು.

ಛಾವಣಿಗೆ ಶೀಟು ಹೊದಿಸಿದ್ದು 2019ರ ಮಳೆಗಾಲದ ನಂತರ. ಮಲಗುವ ಕೋಣೆಯ ಮೂಲೆಯಲ್ಲಿ ತಟ್ಟಿದಾಗ ಟೊಳ್ಳು ಸದ್ದು ಬಂತು. ಮಾರುವವರ ಒಪ್ಪಿಗೆ ಪಡೆದು ಅಂಗೈಯಗಲ ಗಾರೆ ಕೆತ್ತಿದಾಗ ಕಾಂಕ್ರೀಟು ಗಟ್ಟಿಯಾಗಿಯೇ ಇತ್ತು, ಗಾರೆಯಷ್ಟೇ ಬಿಟ್ಟುಕೊಂಡಿತ್ತು. ಪಶ್ಚಿಮದ ಗೋಡೆಯಲ್ಲಿ ಬೀರುವಿನ ಹಿಂದೆ, ನೆಲದಿಂದ ಮೊಣಕಾಲೆತ್ತರದವರೆಗೆ ಬೂಷ್ಟು ಹಿಡಿದು ಉಪ್ಪು ಬಿಟ್ಟಿತ್ತು. ಆರ್‌ಸಿಸಿಬಿ ಇತ್ತು, ಟೆಸ್ಟ್ ಗುಂಡಿ ಒತ್ತಿದರೆ ಬೀಳಲಿಲ್ಲ. ಇವೆಲ್ಲ ಸರಿಪಡಿಸಬಹುದಾದ ಸಂಗತಿಗಳೆಂದೂ, ಅಷ್ಟು ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಕೊಳ್ಳುವಂತೆ ಕೇಳಬಹುದೆಂದೂ ಎಂಜಿನಿಯರ್ ಹೇಳಿದರು.

ತಡೆಗೋಡೆಯ ಬಗ್ಗೆ ಮಾತ್ರ ಅವರು ಖಚಿತವಾಗಿ ಏನನ್ನೂ ಹೇಳಲಿಲ್ಲ. ಗೋಡೆ ನೆಟ್ಟಗಿದೆ, ಆದರೆ ಕೆಳಸಾಲಿನ ತೂತುಗಳೆಲ್ಲ ಮುಚ್ಚಿಹೋಗಿವೆ. ಒಂದು ಕಡೆ ಮೇಲಿನಿಂದ ಕೆಳಗೆ ಓರೆಯಾದ ಬಿರುಕಿದೆ. ಹಳೆಯದೋ ಈಗಲೂ ಬೆಳೆಯುತ್ತಿರುವುದೋ ಗೊತ್ತಾಗುವುದಿಲ್ಲವೆಂದರು. ಮಾರುವವರು ಏಪ್ರಿಲ್ ಕೊನೆಗೆ ನೋಂದಣಿ ಆಗಲೇಬೇಕೆನ್ನುತ್ತಿದ್ದಾರೆ. ಕಕ್ಕಡದ (ಜುಲೈ ಆಗಸ್ಟಿನ ಕೊಡವ ತಿಂಗಳು) ಮಳೆಯವರೆಗೆ ಕಾಯಿರಿ ಎಂದು ಯಾವ ಮಾರುವವರಿಗೆ ಹೇಳುವುದು?

ಗೋಣಿಕೊಪ್ಪ ಬೆಳೆಗಾರ

ಬಾಯಲ್ಲಿ ಹೇಳಿ ನೋಡಿ. ಮಡಿಕೇರಿಯಲ್ಲಿ ಮನೆಯನ್ನು ಮಳೆಯಲ್ಲೇ ನೋಡಬೇಕು ಎಂಬ ಮಾತಿಗೆ ಕೊಡಗಿನವರಾರೂ ಇಲ್ಲವೆನ್ನಲಾರರು. ಆರ್‌ಸಿಸಿಬಿಯ ವಿಷಯವನ್ನು ನಮ್ಮ ಮೇಸ್ತ್ರಿ ಹಿಡಿಯುತ್ತಿರಲಿಲ್ಲ ಎಂಬುದನ್ನೂ ಒಪ್ಪುತ್ತೇನೆ.

ಕಟ್ಟಡ ಎಂಜಿನಿಯರ್, ಕುಶಾಲನಗರ

ಟೀಚರ್ ಅವರೇ, ಪೂರ್ತಿ ಮಳೆಗಾಲ ಕಾಯಲಾಗದಿದ್ದರೂ ಈಗಿನಿಂದಲೇ ಮಾಡಬಹುದಾದದ್ದೊಂದಿದೆ. ಆ ಓರೆ ಬಿರುಕಿಗೆ ಅಡ್ಡಲಾಗಿ, ಮೇಲೆ ನಡುವೆ ಕೆಳಗೆ, ತೆಳುವಾದ ಗಾಜಿನ ಪಟ್ಟಿಗಳನ್ನು ಎರಡೂ ತುದಿಗಳಲ್ಲಿ ಭದ್ರವಾಗಿ ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆದು ಫೋಟೋ ತೆಗೆಸಿ. ಬಿರುಕು ಚಲಿಸುತ್ತಿದ್ದರೆ ಗಾಜು ಒಡೆಯುತ್ತದೆ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆ ನಾಲ್ಕಾರು ಸಲ ಬಿದ್ದರೂ ಸ್ವಲ್ಪ ಸುಳಿವು ಸಿಗುತ್ತದೆ. ಆದರೆ ಗಾಜು ಒಡೆಯಲಿಲ್ಲವೆಂದ ಮಾತ್ರಕ್ಕೆ ಜುಲೈ ಆಗಸ್ಟಿನ ಮಳೆಗೂ ಗೋಡೆ ತಡೆಯುತ್ತದೆಂದು ತಿಳಿಯಬೇಡಿ. ಮುಚ್ಚಿದ ತೂತುಗಳನ್ನು ಮಳೆ ಹಿಡಿಯುವ ಮೊದಲೇ ಬಿಡಿಸುವಂತೆ ಸಂಘಕ್ಕೆ ಪತ್ರ ಕೊಡಿಸಿ. ಅದು ದೊಡ್ಡ ಖರ್ಚಿನ ಕೆಲಸವಲ್ಲ, ಮಾರುವವರೇ ನಿಂತು ಮಾಡಿಸಬಹುದು.

ನೋಂದಣಿಯನ್ನು ಜೂನ್ ಕೊನೆಯವರೆಗಾದರೂ ಮುಂದೂಡಲು ಅವರು ಒಪ್ಪದಿದ್ದರೆ, ಗೋಡೆಯ ವಿನ್ಯಾಸದ ನಕ್ಷೆ ಮತ್ತು ಕಟ್ಟಿದಾಗಿನ ಮಣ್ಣಿನ ಪರೀಕ್ಷೆಯ ವರದಿಯನ್ನು ಕೇಳಿ. ಅವೆರಡೂ ಇಲ್ಲ, ಕಾಯಲೂ ಆಗುವುದಿಲ್ಲ ಎಂದರೆ ನಾನಾಗಿದ್ದರೆ ಬೇರೆ ಫ್ಲ್ಯಾಟ್ ನೋಡುತ್ತಿದ್ದೆ.

ಸುಂಟಿಕೊಪ್ಪದ ಟೀಚರ್

ಗಾಜಿನ ಪಟ್ಟಿಗಳನ್ನು ಅಂಟಿಸಿದ್ದಾಯಿತು. ತೂತುಗಳನ್ನು ಬಿಡಿಸಲು ಸಂಘದವರು ಒಪ್ಪಿದ್ದಾರೆ. ಮಾರುವವರು ಮೇ ಕೊನೆಯವರೆಗೆ ಕಾಯುವುದಾಗಿ ಹೇಳಿದ್ದಾರೆ, ಜೂನ್ ಕೊನೆಗೆ ಇನ್ನೂ ಒಪ್ಪಿಲ್ಲ. ವಕೀಲರು ಸೂಚಿಸಿದ ಷರತ್ತನ್ನು ಕರಾರಿನಲ್ಲಿ ಸೇರಿಸಿದ ಮೇಲಷ್ಟೇ ಮುಂಗಡ ಎಂದು ಮಾವನವರೇ ಈಗ ಪಟ್ಟು ಹಿಡಿದಿದ್ದಾರೆ. ನಕ್ಷೆಯ ಪ್ರತಿಗಾಗಿ ನಗರಸಭೆಗೆ ಅರ್ಜಿ ಕೊಟ್ಟಿದ್ದೇವೆ. ಬಂದ ಕೂಡಲೇ ಮೂರನೆಯ ಅಂತಸ್ತಿನ ವಿಷಯವನ್ನು ಇಲ್ಲಿ ತಿಳಿಸುತ್ತೇನೆ.